ಚಾಲನಾ ಪರವಾನಗಿಯ ನವೀಕರಣ: ಅವಧಿ ಮುಗಿಯುವ ಮೊದಲೇ ಮಾಡಬೇಕಾದ ಕೆಲಸಗಳು

ಕಾಲೇಜಿನಲ್ಲಿದ್ದಾಗಲೋ ಮೊದಲ ಕೆಲಸಕ್ಕೆ ಸೇರಿದ ಹೊಸತರಲ್ಲೋ, 2005 ಅಥವಾ 2006ರ ಆಸುಪಾಸಿನಲ್ಲಿ ಲೈಸೆನ್ಸ್ ಮಾಡಿಸಿಕೊಂಡವರು ನಮ್ಮಲ್ಲಿ ಬಹಳ ಮಂದಿ ಇದ್ದಾರೆ. ಅಂದಿನ ಕಾನೂನಿನಂತೆ ಸ್ವಂತ ಬಳಕೆಯ ವಾಹನದ ಪರವಾನಗಿಯು 20 ವರ್ಷಗಳವರೆಗೆ ಅಥವಾ ಪಡೆದವರಿಗೆ 50 ತುಂಬುವವರೆಗೆ, ಇವೆರಡರಲ್ಲಿ ಯಾವುದು ಮೊದಲೋ ಅಲ್ಲಿಯವರೆಗೆ ನಡೆಯುತ್ತಿತ್ತು. ಇಪ್ಪತ್ತು ವರ್ಷವೆಂದರೆ ಮನೆ, ಊರು, ಫೋನ್ ನಂಬರು, ಕೆಲವರ ವಿಷಯದಲ್ಲಿ ಹೆಸರು ಕೂಡ ಬದಲಾಗುವಷ್ಟು ದೀರ್ಘವಾದ ಕಾಲ. ಆ ಕಾರ್ಡುಗಳ ಅವಧಿ ಈಗ ಒಂದೊಂದಾಗಿ ಮುಗಿಯುತ್ತಿದೆ. ಪೊಲೀಸರು ತಡೆದಾಗಲೋ, ಅಪಘಾತವಾಗಿ ವಿಮೆಯವರು ಪ್ರತಿ ಕೇಳಿದಾಗಲೋ ಮೊದಲ ಬಾರಿಗೆ ದಿನಾಂಕ ನೋಡುವವರಿದ್ದಾರೆ. ಆದ್ದರಿಂದ ಈ ಲೇಖನವನ್ನು ಮುಂದೆ ಓದುವ ಮೊದಲು ಪರ್ಸಿನಿಂದ ಕಾರ್ಡನ್ನು ಹೊರತೆಗೆದು, ಅದರ ಮೇಲೆ ಮುದ್ರಿತವಾಗಿರುವ ಕೊನೆಯ ದಿನಾಂಕವನ್ನು ಒಮ್ಮೆ ನೋಡಿಕೊಳ್ಳಬೇಕೆಂದು ವಿನಂತಿಸುತ್ತೇನೆ.

ಮೊದಲು ಸಿಗುತ್ತಿದ್ದ ಮೂವತ್ತು ದಿನಗಳು

ಮೋಟಾರು ವಾಹನ ಕಾಯ್ದೆ, 1988ರ 14ನೆಯ ಕಲಮಿನಲ್ಲಿ ಹಿಂದೆ ಒಂದು ಉಪಕಾರದ ಮಾತಿತ್ತು. ಪರವಾನಗಿಯ ಅವಧಿ ಮುಗಿದರೂ ಮುಂದಿನ 30 ದಿನಗಳ ಕಾಲ ಅದು ಊರ್ಜಿತವಾಗಿಯೇ ಇರುತ್ತದೆ ಎಂದು ಅದು ಹೇಳುತ್ತಿತ್ತು. 2019ರ ತಿದ್ದುಪಡಿಯು ಆ ಮಾತನ್ನು ತೆಗೆದುಹಾಕಿತು. ಆದರೂ "ಒಂದು ತಿಂಗಳು ಏನೂ ಆಗುವುದಿಲ್ಲ" ಎಂಬ ನಂಬಿಕೆ ಇಂದಿಗೂ ಡ್ರೈವಿಂಗ್ ಸ್ಕೂಲುಗಳಿಂದ ಹಿಡಿದು ಕಚೇರಿಯ ಸಹೋದ್ಯೋಗಿಗಳವರೆಗೆ ಎಲ್ಲರ ಬಾಯಲ್ಲಿದೆ. ಅದನ್ನು ನಂಬಿ ರಸ್ತೆಗಿಳಿಯುವುದು ಅಪಾಯಕರ. ಕಾಯ್ದೆಯ 3ನೆಯ ಕಲಮು ಕೇಳುವುದು ಊರ್ಜಿತವಾಗಿರುವ ಪರವಾನಗಿಯನ್ನು. ಅವಧಿ ಮುಗಿದ ಕಾರ್ಡು ಜೇಬಿನಲ್ಲಿದ್ದರೂ ಅದು ಆ ಅಗತ್ಯವನ್ನು ಪೂರೈಸುವುದಿಲ್ಲ. 181ನೆಯ ಕಲಮಿನಂತೆ ಇದಕ್ಕೆ 5,000 ರೂಪಾಯಿ ದಂಡವನ್ನೋ ಮೂರು ತಿಂಗಳವರೆಗಿನ ಸೆರೆವಾಸವನ್ನೋ ಎರಡನ್ನೂ ಸೇರಿಸಿಯೋ ವಿಧಿಸಬಹುದು. ಸ್ಥಳದಲ್ಲೇ ಕಟ್ಟಿ ಮುಗಿಸುವ ರಾಜಿ ದಂಡದ ಮೊತ್ತವನ್ನು ಮಾತ್ರ ಆಯಾ ರಾಜ್ಯ ಸರ್ಕಾರ ಗೊತ್ತುಪಡಿಸುತ್ತದೆ. ವಾಹನವನ್ನು ಬೇರೆಯವರ ಕೈಗೆ ಕೊಟ್ಟ ಮಾಲೀಕರಿಗೆ 180ನೆಯ ಕಲಮಿನಡಿ ಪ್ರತ್ಯೇಕವಾದ ಹೊಣೆಯಿದೆ. ಆದ್ದರಿಂದ ಮನೆಯ ಕಾರನ್ನು ಓಡಿಸುವ ಮಗ, ಮಗಳು ಅಥವಾ ಚಾಲಕರ ಕಾರ್ಡಿನ ದಿನಾಂಕವನ್ನೂ ಮಾಲೀಕರೇ ನೋಡಿಟ್ಟುಕೊಳ್ಳುವುದು ಒಳ್ಳೆಯದು.

ದಂಡಕ್ಕಿಂತ ಹೆಚ್ಚು ಚಿಂತಿಸಬೇಕಾದದ್ದು ವಿಮೆಯ ವಿಷಯ. ಅಪಘಾತದಲ್ಲಿ ಮೂರನೆಯ ವ್ಯಕ್ತಿಗೆ ಪೆಟ್ಟಾದರೆ ಅವರಿಗೆ ಪರಿಹಾರ ತಪ್ಪಬಾರದೆಂಬ ಕಾರಣಕ್ಕೆ ವಿಮಾ ಕಂಪನಿ ಮೊದಲು ಹಣ ಕೊಟ್ಟು, ಪಾಲಿಸಿಯ ಷರತ್ತು ಮುರಿದ ಮಾಲೀಕರಿಂದ ಅದನ್ನು ಮರಳಿ ವಸೂಲು ಮಾಡುವಂತೆ ನ್ಯಾಯಾಲಯಗಳು ಆದೇಶಿಸುವುದುಂಟು. 2004ರ ಸ್ವರಣ್ ಸಿಂಗ್ ಪ್ರಕರಣದಲ್ಲಿ ಸುಪ್ರೀಂ ಕೋರ್ಟು ಈ ವಿಚಾರವನ್ನು ವಿಸ್ತಾರವಾಗಿ ಚರ್ಚಿಸಿದೆ. ಗಾಯಾಳುವಿಗೆ ನ್ಯಾಯ ಸಿಗುತ್ತದೆ, ಆದರೆ ಲಕ್ಷಗಟ್ಟಲೆ ಮೊತ್ತ ಕೊನೆಗೆ ಮಾಲೀಕರ ತಲೆಯ ಮೇಲೆ ಬಂದು ಕೂರಬಹುದು. ನಿಮ್ಮದೇ ವಾಹನಕ್ಕಾದ ಹಾನಿಯ ಕ್ಲೇಮನ್ನಂತೂ ಕಂಪನಿ ತಿರಸ್ಕರಿಸಬಹುದು. ಇನ್ನೂ ಒಂದು ಸೂಕ್ಷ್ಮವಿದೆ. ತಡವಾಗಿ ಮಾಡಿಸಿದ ನವೀಕರಣವು ಹಿಂದಿನ ಕೊನೆಯ ದಿನಾಂಕದಿಂದ ಜಾರಿಗೆ ಬರುವುದಿಲ್ಲ, ನವೀಕರಿಸಿದ ದಿನದಿಂದ ಬರುತ್ತದೆ. ನಡುವೆ ಉಳಿದ ವಾರಗಳೋ ತಿಂಗಳುಗಳೋ ಪರವಾನಗಿಯಿಲ್ಲದ ಕಾಲವಾಗಿಯೇ ದಾಖಲೆಯಲ್ಲಿ ಉಳಿಯುತ್ತವೆ, ಮುಂದೆ ಅದನ್ನು ಸರಿಪಡಿಸಲು ದಾರಿಯಿಲ್ಲ.

ಎಷ್ಟು ವರ್ಷಕ್ಕೆ ಸಿಗುತ್ತದೆ, ಯಾವಾಗ ಅರ್ಜಿ ಹಾಕಬೇಕು

2019ರ ಸೆಪ್ಟೆಂಬರ್ 1ರಿಂದ ಅವಧಿಯ ಲೆಕ್ಕ ಬದಲಾಗಿದೆ. ಸ್ವಂತ ವಾಹನದ ಪರವಾನಗಿಯನ್ನು 30 ತುಂಬುವ ಮೊದಲು ಪಡೆದರೆ ಅಥವಾ ನವೀಕರಿಸಿದರೆ ಅದು 40 ವಯಸ್ಸಿನವರೆಗೆ ನಡೆಯುತ್ತದೆ. 30 ತುಂಬಿ 50 ಆಗದವರಿಗೆ 10 ವರ್ಷ, 50 ತುಂಬಿ 55 ಆಗದವರಿಗೆ 60 ತುಂಬುವವರೆಗೆ, 55 ದಾಟಿದವರಿಗೆ ಪ್ರತಿ ಬಾರಿ 5 ವರ್ಷ ಸಿಗುತ್ತದೆ. ಹಳೆಯ ನಿಯಮದಂತೆ ಸಿಕ್ಕ ಕಾರ್ಡಿನ ಮೇಲೆ ಮುದ್ರಿತವಾದ ದಿನಾಂಕ ಹಾಗೆಯೇ ಊರ್ಜಿತ. ಅದನ್ನು ಯಾರೂ ಮೊಟಕುಗೊಳಿಸಿಲ್ಲ. ಆದರೆ ಮುಂದಿನ ಬಾರಿ ಮತ್ತೆ ಇಪ್ಪತ್ತು ವರ್ಷ ಸಿಗುವುದಿಲ್ಲ ಎಂಬುದನ್ನು ನೆನಪಿನಲ್ಲಿಡಬೇಕು.

ಆಟೊ, ಟ್ಯಾಕ್ಸಿ, ಲಾರಿ, ಬಸ್ಸು ಓಡಿಸುವವರ ಸಾರಿಗೆ ವಾಹನದ ಪರವಾನಗಿಗೆ 5 ವರ್ಷದ ಅವಧಿಯಿದೆ. ಹಿಂದೆ ಅದು 3 ವರ್ಷವಿತ್ತು. ಅಪಾಯಕಾರಿ ಸರಕು ಸಾಗಿಸುವವರಿಗೆ 3 ವರ್ಷ, ಅದೂ ಪುನಶ್ಚೇತನ ತರಬೇತಿ ಪಡೆದ ಮೇಲೆ. ಇಂಥವರ ಕಾರ್ಡಿನ ಮೇಲೆ ಎರಡು ದಿನಾಂಕಗಳಿರುತ್ತವೆ: ಒಂದು ಸ್ವಂತ ವಾಹನಕ್ಕೆ, ಇನ್ನೊಂದು ಸಾರಿಗೆ ವಾಹನಕ್ಕೆ. ದೂರದ ದಿನಾಂಕವನ್ನು ನೋಡಿ ಸಮಾಧಾನಪಟ್ಟುಕೊಂಡು, ಹತ್ತಿರದ ದಿನಾಂಕ ಕಳೆದುಹೋದದ್ದು ತಿಳಿಯದೆ ಹಳದಿ ಬೋರ್ಡಿನ ಗಾಡಿ ಓಡಿಸುವುದು ದುಡಿಮೆಗೇ ಕುತ್ತು ತರುವ ಸಂಗತಿ. ಹಿಂದೆಂದೋ ಟ್ಯಾಕ್ಸಿ ಓಡಿಸುತ್ತಿದ್ದು ಈಗ ಬೇರೆ ಉದ್ಯೋಗ ಹಿಡಿದವರು ಆ ವರ್ಗವನ್ನು ಬಿಟ್ಟುಕೊಡುವ ಅರ್ಜಿಯನ್ನೂ ಹಾಕಬಹುದು.

ಅವಧಿ ಮುಗಿಯುವುದಕ್ಕೆ ಒಂದು ವರ್ಷ ಮೊದಲಿನಿಂದಲೇ ನವೀಕರಣಕ್ಕೆ ಅರ್ಜಿ ಸಲ್ಲಿಸಲು ಕಾನೂನು ಅವಕಾಶ ಕೊಡುತ್ತದೆ. ಹಾಗೆಂದು ಹನ್ನೊಂದು ತಿಂಗಳ ಮೊದಲೇ ಓಡಬೇಕಾಗಿಲ್ಲ, ಏಕೆಂದರೆ ಹೊಸ ಅವಧಿ ನವೀಕರಿಸಿದ ದಿನದಿಂದ ಎಣಿಕೆಯಾಗುವುದರಿಂದ ಉಳಿದಿದ್ದ ತಿಂಗಳುಗಳು ಕಳೆದುಹೋಗುತ್ತವೆ. ನನ್ನ ಮಟ್ಟಿಗೆ ಎರಡರಿಂದ ಮೂರು ತಿಂಗಳ ಮೊದಲು ಅರ್ಜಿ ಹಾಕುವುದು ಹದವಾದ ಸಮಯ. ಹೆಸರಿನ ತಿದ್ದುಪಡಿ, ಹಳೆಯ ದಾಖಲೆಯ ಹುಡುಕಾಟ, ವೈದ್ಯರ ಭೇಟಿ ಇವೆಲ್ಲಕ್ಕೂ ಅಷ್ಟು ಬಿಡುವು ಸಾಕಾಗುತ್ತದೆ. ಕೊನೆಯ ವಾರದವರೆಗೆ ಕಾಯಬಾರದೆನ್ನುವುದಕ್ಕೆ ಇನ್ನೊಂದು ಕಾರಣವೂ ಇದೆ. 2024ರ ಫೆಬ್ರವರಿಯ ಆರಂಭದ ದಿನಗಳಲ್ಲಿ, ಪರವಾನಗಿಯ ಅರ್ಜಿಗಳನ್ನು ಸ್ವೀಕರಿಸುವ ಸರ್ಕಾರಿ ತಾಣವಾದ ಸಾರಥಿಯು ತಾಂತ್ರಿಕ ತೊಂದರೆಯಿಂದ ದಿನಗಟ್ಟಲೆ ಕೈಕೊಟ್ಟಿತು. ಆ ದಿನಗಳಲ್ಲಿ ಅವಧಿ ಮುಗಿದವರಿಗೆ ಕೇಂದ್ರ ಸಾರಿಗೆ ಸಚಿವಾಲಯವು ಫೆಬ್ರವರಿ 29ರವರೆಗೆ ವಿನಾಯಿತಿ ಕೊಟ್ಟಿತಾದರೂ ಪ್ರತಿ ಬಾರಿಯೂ ಅಂಥ ರಿಯಾಯಿತಿಯನ್ನು ನಿರೀಕ್ಷಿಸಲಾಗದು.

ವಿದೇಶದಲ್ಲಿರುವ ಕನ್ನಡಿಗರಿಗೆ ಮಾತ್ರ ಈ ಒಂದು ವರ್ಷದ ಅವಕಾಶ ಪೂರ್ತಿಯಾಗಿ ಉಪಯೋಗಕ್ಕೆ ಬರುತ್ತದೆ. ಮುಂದಿನ ವರ್ಷ ಅವಧಿ ಮುಗಿಯುವುದಿದ್ದು, ಈ ವರ್ಷ ದಸರೆಗೋ ಮನೆಯ ಮದುವೆಗೋ ಊರಿಗೆ ಬರುತ್ತಿದ್ದರೆ, ಕೆಲವು ತಿಂಗಳು ನಷ್ಟವಾದರೂ ಆಗಲೇ ನವೀಕರಿಸಿಕೊಳ್ಳುವುದು ಜಾಣತನ. ಅಂತರರಾಷ್ಟ್ರೀಯ ಚಾಲನಾ ಪರವಾನಗಿಗೂ ಮೂಲ ಪರವಾನಗಿ ಊರ್ಜಿತವಾಗಿರಲೇಬೇಕು.

ಅರ್ಜಿಗೆ ಮೊದಲು ಕೂಡಿಸಿಟ್ಟುಕೊಳ್ಳಬೇಕಾದದ್ದು

ಮೂಲ ಪರವಾನಗಿ, ಆಧಾರ್, ಈಗಿನ ವಿಳಾಸದ ಪುರಾವೆ, ಇತ್ತೀಚಿನ ಭಾವಚಿತ್ರ, ಬಿಳಿ ಹಾಳೆಯ ಮೇಲೆ ಮಾಡಿದ ಸಹಿಯ ಚಿತ್ರ ಇಷ್ಟು ಸಿದ್ಧವಾಗಿದ್ದರೆ ಅರ್ಜಿ ಅರ್ಧ ಮುಗಿದಂತೆ. ಆಧಾರ್‌ಗೆ ಜೋಡಿಸಿದ ಮೊಬೈಲ್ ಸಂಖ್ಯೆ ಈಗಲೂ ನಿಮ್ಮ ಬಳಿಯಿದೆಯೇ ಎಂಬುದನ್ನು ಮೊದಲೇ ಪರೀಕ್ಷಿಸಿಕೊಳ್ಳಿ, ಏಕೆಂದರೆ ಒಟಿಪಿ ಬರುವುದು ಅದಕ್ಕೇ.

ನಮ್ಮವರಿಗೆ ಹೆಚ್ಚು ತೊಡಕಾಗುವುದು ಇನಿಷಿಯಲ್ಲಿನ ವಿಷಯದಲ್ಲಿ. ಪರವಾನಗಿಯಲ್ಲಿ "ಕೆ. ಎಸ್. ಮಂಜುನಾಥ" ಎಂದಿದ್ದು ಆಧಾರ್‌ನಲ್ಲಿ "ಮಂಜುನಾಥ ಕೆ ಎಸ್" ಎಂದೋ, ತಂದೆಯ ಹೆಸರನ್ನು ಬಿಡಿಸಿ ಬರೆದ ಉದ್ದನೆಯ ಹೆಸರೋ ಇರಬಹುದು. ಮದುವೆಯ ನಂತರ ಹೆಸರಿನ ಕೊನೆಯ ಭಾಗ ಬದಲಿಸಿಕೊಂಡವರಿಗೂ ಇದೇ ಕಷ್ಟ. ಹಳೆಯ ಪುಸ್ತಕದ ರೂಪದ ಅಥವಾ ಕೈಬರಹದ ಪರವಾನಗಿಗಳಲ್ಲಿ ಜನ್ಮದಿನಾಂಕವೇ ತಪ್ಪಾಗಿರುವುದುಂಟು. ಎರಡೂ ದಾಖಲೆಗಳನ್ನು ಪಕ್ಕಪಕ್ಕದಲ್ಲಿಟ್ಟು ಅಕ್ಷರ ಅಕ್ಷರವಾಗಿ ಹೋಲಿಸಿ ನೋಡಿ. ವ್ಯತ್ಯಾಸವಿದ್ದರೆ ಆಧಾರ್‌ನಲ್ಲಿ ತಿದ್ದಿಸಬೇಕೋ ಪರವಾನಗಿಯಲ್ಲೋ ಎಂಬುದನ್ನು ನಿಮ್ಮ ಪಾಸ್‌ಪೋರ್ಟ್, ಅಂಕಪಟ್ಟಿ, ಪ್ಯಾನ್ ಇವುಗಳಲ್ಲಿ ಯಾವ ರೂಪ ಹೆಚ್ಚು ಕಡೆ ಇದೆಯೆಂದು ನೋಡಿ ತೀರ್ಮಾನಿಸುವುದು ಲೇಸು. ಪರವಾನಗಿಯಲ್ಲಿ ತಿದ್ದಬೇಕಾದರೆ ಹೆಸರು, ವಿಳಾಸದ ಬದಲಾವಣೆಯನ್ನು ನವೀಕರಣದ ಜೊತೆಗೇ ಕೇಳಬಹುದು.

ಹಳೆಯ ಪರವಾನಗಿಯ ಸಂಖ್ಯೆಯನ್ನು ನಮೂದಿಸಿದಾಗ ತಾಣದಲ್ಲಿ ವಿವರವೇ ಸಿಗದಿದ್ದರೆ, ಆ ದಾಖಲೆ ಇನ್ನೂ ಗಣಕಕ್ಕೆ ಏರಿಲ್ಲವೆಂದು ಅರ್ಥ. ಆಗ ಪರವಾನಗಿ ಕೊಟ್ಟ ಮೂಲ ಆರ್‌ಟಿಒ ಕಚೇರಿಗೆ ಮೂಲ ದಾಖಲೆಯೊಂದಿಗೆ ಹೋಗಿ, ಅದನ್ನು ಸಾರಥಿಗೆ ಸೇರಿಸುವಂತೆ ಕೋರಬೇಕಾಗುತ್ತದೆ. ಕಚೇರಿಯ ಮಾತಿನಲ್ಲಿ ಇದನ್ನು ಬ್ಯಾಕ್‌ಲಾಗ್ ಎಂಟ್ರಿ ಎನ್ನುತ್ತಾರೆ. ಧಾರವಾಡದಲ್ಲಿ ಲೈಸೆನ್ಸ್ ಪಡೆದು ಈಗ ಬೆಂಗಳೂರಿನಲ್ಲಿರುವವರಿಗೆ ಇದಕ್ಕೊಂದು ಪ್ರಯಾಣವೇ ಬೇಕಾಗಬಹುದು. ಎರಡು ಮೂರು ತಿಂಗಳ ಬಿಡುವು ಬೇಕೆಂದು ನಾನು ಒತ್ತಿ ಹೇಳುವುದಕ್ಕೆ ಮುಖ್ಯ ಕಾರಣ ಇದು.

ನಲವತ್ತು ದಾಟಿದವರ ವೈದ್ಯಕೀಯ ಪ್ರಮಾಣಪತ್ರ

ನಲವತ್ತು ತುಂಬದವರು ಸ್ವಂತ ವಾಹನದ ಪರವಾನಗಿಗೆ ನಮೂನೆ 1ರಲ್ಲಿ ತಮ್ಮ ಆರೋಗ್ಯದ ಬಗ್ಗೆ ತಾವೇ ಘೋಷಿಸಿಕೊಂಡರೆ ಸಾಕು. ನಲವತ್ತು ತುಂಬಿದವರೆಲ್ಲರೂ, ಮತ್ತು ವಯಸ್ಸು ಎಷ್ಟೇ ಇದ್ದರೂ ಸಾರಿಗೆ ವಾಹನದ ಪರವಾನಗಿ ಇರುವವರು, ನೋಂದಾಯಿತ ವೈದ್ಯರಿಂದ ನಮೂನೆ 1ಎ ತುಂಬಿಸಿ ತರಬೇಕು. ನಮೂನೆಯನ್ನು ಕೇಂದ್ರ ಸರ್ಕಾರದ ಸಾರಿಗೆ ಸೇವೆಗಳ ಪರಿವಾಹನ್ ತಾಣದಿಂದ ಇಳಿಸಿಕೊಂಡು, ಭಾವಚಿತ್ರ ಅಂಟಿಸಿ, ವೈದ್ಯರ ಸಹಿ, ಮೊಹರು, ನೋಂದಣಿ ಸಂಖ್ಯೆ ಸ್ಪಷ್ಟವಾಗಿ ಕಾಣುವಂತೆ ಪಡೆಯಬೇಕು.

ಈ ಹಂತವನ್ನು ಬಹಳ ಮಂದಿ ಬರಿಯ ಮೊಹರಿನ ಕೆಲಸವೆಂದು ತಿಳಿದಿದ್ದಾರೆ. ಪರೀಕ್ಷೆಯೇ ಇಲ್ಲದೆ ಕಾಗದ ತಂದುಕೊಡುತ್ತೇವೆನ್ನುವವರೂ ಕಚೇರಿಗಳ ಆಸುಪಾಸಿನಲ್ಲಿ ಸಿಗುತ್ತಾರೆ. ದಯವಿಟ್ಟು ಆ ದಾರಿ ಹಿಡಿಯಬೇಡಿ. ನಮೂನೆ 1ಎ ಕೇಳುವ ಪ್ರಶ್ನೆಗಳು ಪ್ರಾಣಕ್ಕೆ ಸಂಬಂಧಿಸಿದವು: ಒಳ್ಳೆಯ ಹಗಲು ಬೆಳಕಿನಲ್ಲಿ 25 ಮೀಟರ್ ದೂರದ ಕಾರಿನ ನಂಬರ್ ಪ್ಲೇಟು ಕಾಣುತ್ತದೆಯೇ, ಕೆಂಪು ಮತ್ತು ಹಸಿರು ಬಣ್ಣಗಳ ವ್ಯತ್ಯಾಸ ತಿಳಿಯುತ್ತದೆಯೇ, ಇರುಳುಗುರುಡು ಇದೆಯೇ, ಹಾರನ್ನಿನ ಸದ್ದು ಕೇಳುತ್ತದೆಯೇ, ಮೂರ್ಛೆಯೋ ತಲೆಸುತ್ತೋ ಬರುವುದುಂಟೇ. ಐವತ್ತೈದರ ಮೇಲಿನವರಲ್ಲಿ ಕಣ್ಣಿನ ಪೊರೆ ನಿಧಾನವಾಗಿ ಬೆಳೆಯುತ್ತಿದ್ದರೂ ನಿತ್ಯದ ಪರಿಚಿತ ದಾರಿಯಲ್ಲಿ ಓಡಾಡುವಾಗ ಅದು ಅರಿವಿಗೆ ಬರುವುದಿಲ್ಲ. ಮಳೆಗಾಲದ ಸಂಜೆ ಎದುರಿನ ವಾಹನದ ದೀಪ ಕಣ್ಣಿಗೆ ಹೊಡೆದಾಗ ಮಾತ್ರ ರಸ್ತೆ ಮಾಯವಾಗುತ್ತದೆ. ಸಕ್ಕರೆ ಕಾಯಿಲೆಯಿರುವವರ ಕಣ್ಣಿನ ಹಿಂಪದರಕ್ಕೆ ಆಗುವ ಹಾನಿಯೂ ಹೀಗೆಯೇ ಸದ್ದಿಲ್ಲದೆ ಬರುತ್ತದೆ. ಆದ್ದರಿಂದ ಐದು ವರ್ಷಕ್ಕೊಮ್ಮೆ ಬರುವ ಈ ನವೀಕರಣವನ್ನು ನೆಪಮಾಡಿಕೊಂಡು, ಮೊದಲು ಕಣ್ಣಿನ ವೈದ್ಯರನ್ನು ಕಂಡು, ಕನ್ನಡಕದ ನಂಬರು ಬದಲಾಗಿದ್ದರೆ ಬದಲಿಸಿ, ಪೊರೆಯ ಶಸ್ತ್ರಚಿಕಿತ್ಸೆ ಬೇಕೆಂದರೆ ಅದನ್ನು ಮುಗಿಸಿ, ಆಮೇಲೆ ನಮೂನೆ ತುಂಬಿಸುವುದು ಸರಿಯಾದ ಕ್ರಮ. ಮನೆಯ ಹಿರಿಯರ ಅರ್ಜಿಯನ್ನು ಮಕ್ಕಳು ತುಂಬಿಕೊಡುವಾಗ, ಅಪ್ಪ ಅಥವಾ ಅಮ್ಮನನ್ನು ವೈದ್ಯರ ಬಳಿಗೆ ಜೊತೆಯಲ್ಲಿ ಕರೆದುಕೊಂಡು ಹೋಗುವುದು ಒಟಿಪಿ ಕೇಳಿ ಕೆಲಸ ಮುಗಿಸುವುದಕ್ಕಿಂತ ದೊಡ್ಡ ಉಪಕಾರ. ರಾತ್ರಿ ಓಡಿಸುವುದು ಬೇಡವೆಂದು ವೈದ್ಯರು ಹೇಳಿದರೆ ಆ ಮಾತನ್ನು ಮನೆಯವರೆಲ್ಲ ಕೂತು ಗಂಭೀರವಾಗಿ ಚರ್ಚಿಸಬೇಕು.

ಆನ್‌ಲೈನ್ ಅರ್ಜಿ, ಹಂತ ಹಂತವಾಗಿ

ಅರ್ಜಿ ಸಲ್ಲಿಸಬೇಕಾದದ್ದು ಕೇಂದ್ರ ಸರ್ಕಾರದ ಪರಿವಾಹನ್ ಜಾಲತಾಣದ ಸಾರಥಿ ವಿಭಾಗದಲ್ಲಿ. ವಿಳಾಸದ ಕೊನೆಯಲ್ಲಿ "ಡಾಟ್ ಗವ್ ಡಾಟ್ ಇನ್" ಎಂದು ಇದೆಯೇ ಎಂಬುದನ್ನು ನೋಡದೆ ಎಲ್ಲಿಯೂ ಹಣ ಕಟ್ಟಬೇಡಿ. ಅದೇ ಬಣ್ಣ, ಅದೇ ಲಾಂಛನ ಹಾಕಿಕೊಂಡ ನಕಲಿ ತಾಣಗಳಿವೆ. ವಾಟ್ಸ್‌ಆ್ಯಪ್‌ನಲ್ಲಿ ಆರ್‌ಟಿಒ ಹೆಸರಿನಲ್ಲಿ ಬರುವ ಎಪಿಕೆ ಕಡತಗಳನ್ನು (ಫೋನಿನಲ್ಲಿ ಆ್ಯಪ್ ಸ್ಥಾಪಿಸುವ ಕಡತಗಳನ್ನು) ತೆರೆಯಲೇಬಾರದು.

ತಾಣ ತೆರೆದ ಮೇಲೆ ಮೊದಲು ಚಾಲನಾ ಪರವಾನಗಿಗೆ ಸಂಬಂಧಿಸಿದ ಸೇವೆಗಳನ್ನೂ ನಂತರ ರಾಜ್ಯವನ್ನೂ ಆರಿಸಿಕೊಳ್ಳಿ. ರಾಜ್ಯವೆಂದರೆ ಈಗ ನೀವು ವಾಸವಾಗಿರುವ ರಾಜ್ಯ. ಕರ್ನಾಟಕದ ಪರವಾನಗಿ ಹಿಡಿದು ಪುಣೆಯಲ್ಲೋ ಹೈದರಾಬಾದಿನಲ್ಲೋ ನೆಲೆಸಿರುವವರು ಅಲ್ಲಿಯ ರಾಜ್ಯವನ್ನು ಆರಿಸಿ, ವಿಳಾಸ ಬದಲಾವಣೆಯನ್ನೂ ಜೊತೆಗೆ ಕೇಳಬೇಕು. ನವೀಕರಣದ ಕೊಂಡಿ ಒತ್ತಿ, ಪರವಾನಗಿ ಸಂಖ್ಯೆಯನ್ನೂ ಜನ್ಮದಿನಾಂಕವನ್ನೂ ನಮೂದಿಸಿದರೆ ನಿಮ್ಮ ವಿವರ ತೆರೆಯ ಮೇಲೆ ಬರುತ್ತದೆ. ಸಂಖ್ಯೆಯಲ್ಲಿ ರಾಜ್ಯ ಹಾಗೂ ಕಚೇರಿಯ ಸಂಕೇತ, ಪರವಾನಗಿ ಕೊಟ್ಟ ವರ್ಷ, ಆಮೇಲೆ ಏಳು ಅಂಕಿಗಳು ಇರುತ್ತವೆ. ಹಳೆಯ ಕಾರ್ಡುಗಳಲ್ಲಿ ಸೊನ್ನೆಗಳನ್ನು ಬಿಟ್ಟು ಬರೆದಿದ್ದರೆ ಅವುಗಳನ್ನು ಸೇರಿಸಿ ಪ್ರಯತ್ನಿಸಿ.

ವಿವರ ನಿಮ್ಮದೇ ಎಂದು ದೃಢಪಡಿಸಿದ ಮೇಲೆ ಪಿನ್ ಕೋಡಿಗೆ ತಕ್ಕ ಆರ್‌ಟಿಒ ಕಚೇರಿ ಬರುತ್ತದೆ. ಅಲ್ಲಿಂದ ಮುಂದೆ ಸೇವೆಗಳ ಪಟ್ಟಿಯಲ್ಲಿ ನವೀಕರಣಕ್ಕೂ ಬೇಕಿದ್ದರೆ ವಿಳಾಸ ಬದಲಾವಣೆಗೂ ಗುರುತು ಹಾಕಿ, ಆರೋಗ್ಯದ ಘೋಷಣೆಯನ್ನು ತುಂಬಿ, ದಾಖಲೆಗಳನ್ನು ತಾಣ ಹೇಳುವ ಗಾತ್ರದಲ್ಲಿ ಏರಿಸಬೇಕು. ತುರ್ತು ಸಂದರ್ಭದಲ್ಲಿ ಕರೆಯಬೇಕಾದ ಸಂಖ್ಯೆ, ರಕ್ತದ ಗುಂಪು, ಅಂಗಾಂಗ ದಾನಕ್ಕೆ ಒಪ್ಪಿಗೆ ಇವುಗಳನ್ನು ಕೇಳುವ ಜಾಗದಲ್ಲಿ ಅವಸರ ಮಾಡಬೇಡಿ. ಮನೆಯವರೊಂದಿಗೆ ಮಾತನಾಡಿ ಉತ್ತರಿಸಬೇಕಾದ ಪ್ರಶ್ನೆಗಳಿವು.

ಕೇಂದ್ರದ ನಿಯಮದಂತೆ ನವೀಕರಣದ ಶುಲ್ಕ 200 ರೂಪಾಯಿ, ಸ್ಮಾರ್ಟ್ ಕಾರ್ಡಿಗೆ ಮತ್ತೆ 200 ರೂಪಾಯಿ. ವಿಳಾಸ ಬದಲಾವಣೆ ಸೇರಿದರೆ ಮೊತ್ತ ಹೆಚ್ಚುತ್ತದೆ. ಕೊನೆಯ ಮೊತ್ತ ಪಾವತಿಗೆ ಮೊದಲು ತೆರೆಯ ಮೇಲೆ ಕಾಣಿಸುತ್ತದೆ. ಬ್ಯಾಂಕಿನಿಂದ ಹಣ ಹೋಗಿ ರಸೀದಿ ಬರದಿದ್ದರೆ ಕೂಡಲೇ ಎರಡನೆಯ ಬಾರಿ ಕಟ್ಟಬೇಡಿ. ಅದೇ ತಾಣದಲ್ಲಿ ಪಾವತಿಯ ಸ್ಥಿತಿಯನ್ನು ಪರಿಶೀಲಿಸುವ ಕೊಂಡಿಯಿದೆ, ಅರ್ಜಿ ಸಂಖ್ಯೆ ಕೊಟ್ಟು ಅಲ್ಲಿ ನೋಡಿ. ಅರ್ಜಿ ಸಂಖ್ಯೆಯನ್ನೂ ರಸೀದಿಯನ್ನೂ ಕಾಗದದ ಮೇಲೂ ಫೋನಿನಲ್ಲೂ ಉಳಿಸಿಕೊಳ್ಳಿ.

ಚಾಲನಾ ಪರೀಕ್ಷೆಯ ಅಗತ್ಯವಿಲ್ಲದ ನವೀಕರಣವು 2021ರ ಮಾರ್ಚಿನಲ್ಲಿ ಕೇಂದ್ರ ಸಚಿವಾಲಯ ಪ್ರಕಟಿಸಿದ 18 ಸಂಪರ್ಕರಹಿತ ಸೇವೆಗಳಲ್ಲಿ ಒಂದು. ಆಧಾರ್ ಮೂಲಕ ಗುರುತು ದೃಢಪಡಿಸಿದವರ ಅರ್ಜಿ ಕಚೇರಿಗೆ ಹೋಗದೆಯೇ ಮುಂದುವರಿಯಬಹುದು. ಆಧಾರ್ ಬಳಸಲು ಒಪ್ಪದವರು ಅಥವಾ ದಾಖಲೆಗಳ ವಿವರ ಒಂದಕ್ಕೊಂದು ತಾಳೆಯಾಗದವರು ದಿನ ಮತ್ತು ಸಮಯ ಕಾಯ್ದಿರಿಸಿಕೊಂಡು ಮೂಲ ಕಾಗದಗಳೊಂದಿಗೆ ಹೋಗಬೇಕು. ಭೇಟಿ ಬೇಕೋ ಬೇಡವೋ ಎಂಬುದು ಅರ್ಜಿಯ ಕೊನೆಯಲ್ಲಿ ತಿಳಿಯುತ್ತದೆ. ಹೋಗಬೇಕಾಗಿ ಬಂದರೆ ಬೆಳಗ್ಗೆಯ ಹೊತ್ತನ್ನು ಆರಿಸಿ, ಮೂಲ ಪರವಾನಗಿ, ನಮೂನೆ 1ಎ, ರಸೀದಿ, ವಿಳಾಸದ ಪುರಾವೆ ಇವುಗಳ ಮೂಲ ಮತ್ತು ಒಂದು ಜೆರಾಕ್ಸ್ ಪ್ರತಿಯನ್ನು ಒಂದೇ ಕಡತದಲ್ಲಿ ಇಟ್ಟುಕೊಂಡು ಹೋಗಿ. ಗಣಕ ಬಳಸಿ ಅಭ್ಯಾಸವಿಲ್ಲದವರು ಊರಿನ ಸೈಬರ್ ಸೆಂಟರಿನಲ್ಲಿ ಅರ್ಜಿ ತುಂಬಿಸಬಹುದು, ಆದರೆ ಮೊಬೈಲ್ ಸಂಖ್ಯೆಯ ಜಾಗದಲ್ಲಿ ಅಂಗಡಿಯವರ ನಂಬರು ಸೇರದಂತೆ ನೋಡಿಕೊಳ್ಳಬೇಕು. ಮುಂದಿನ ಸಂದೇಶಗಳೆಲ್ಲ ಆ ನಂಬರಿಗೇ ಹೋಗುತ್ತವೆ.

ಈಗಾಗಲೇ ಅವಧಿ ಮುಗಿದಿದ್ದರೆ

ಮೊದಲ ಕೆಲಸವೆಂದರೆ ಹೊಸ ಪರವಾನಗಿ ಬರುವವರೆಗೆ ವಾಹನ ಓಡಿಸದಿರುವುದು. ಅರ್ಜಿಯ ರಸೀದಿ ಪರವಾನಗಿಯಲ್ಲ. ಮುಗಿದು ಒಂದು ವರ್ಷದೊಳಗಿದ್ದರೆ ಪರೀಕ್ಷೆಯಿಲ್ಲದೆ ನವೀಕರಣ ಸಿಗುತ್ತದೆ. ಒಂದು ವರ್ಷ ದಾಟಿದರೆ ಮತ್ತೆ ಚಾಲನಾ ಪರೀಕ್ಷೆ ಕೊಟ್ಟು ತೇರ್ಗಡೆಯಾಗಬೇಕು. 2019ಕ್ಕೆ ಮೊದಲು ಈ ಮಿತಿ ಐದು ವರ್ಷವಿತ್ತು, ಹಾಗಾಗಿ ಹಳೆಯ ಲೆಕ್ಕವನ್ನು ನೆಚ್ಚಿಕೊಂಡವರು ಹೆಚ್ಚಾಗಿ ಎಡವುವುದು ಇಲ್ಲಿಯೇ. ತಡವಾದ ಪ್ರತಿ ವರ್ಷಕ್ಕೆ ಅಥವಾ ವರ್ಷದ ಭಾಗಕ್ಕೆ 1,000 ರೂಪಾಯಿಯಂತೆ ಹೆಚ್ಚುವರಿ ಶುಲ್ಕವೂ ನಿಯಮದಲ್ಲಿದೆ. ವರ್ಷಗಟ್ಟಲೆ ಕಾರು ಓಡಿಸಿದವರಿಗೂ ಪರೀಕ್ಷೆಯ ಕಟ್ಟುನಿಟ್ಟಾದ ಹಾದಿಯಲ್ಲಿ ಹಿಮ್ಮುಖವಾಗಿ ಓಡಿಸುವುದು ಸುಲಭವಲ್ಲವಾದ್ದರಿಂದ, ಹೋಗುವ ಮೊದಲು ಡ್ರೈವಿಂಗ್ ಸ್ಕೂಲಿನ ವಾಹನದಲ್ಲಿ ಅವರ ಮೇಲ್ವಿಚಾರಣೆಯಲ್ಲಿ ಅಭ್ಯಾಸ ಮಾಡಿಕೊಳ್ಳುವುದು ಒಳಿತು.

ಕಾರ್ಡು ಕೈಗೆ ಬಂದಾಗ

ಅರ್ಜಿ ಮಂಜೂರಾದ ಸಂದೇಶ ಬಂದ ಮೇಲೆ ಡಿಜಿಲಾಕರ್ ಅಥವಾ ಎಂಪರಿವಾಹನ್‌ನಲ್ಲಿ ಹೊಸ ದಿನಾಂಕ ಬಂದಿದೆಯೇ ನೋಡಿ. ಕೇಂದ್ರ ನಿಯಮಗಳ ಪ್ರಕಾರ ದಾಖಲೆಯನ್ನು ವಿದ್ಯುನ್ಮಾನ ರೂಪದಲ್ಲಿ ತೋರಿಸಿದರೂ ಅದು ಊರ್ಜಿತವೇ. ಆದರೆ ಅದು ಸರ್ಕಾರದ ಆ್ಯಪ್‌ನಲ್ಲಿ ಇರಬೇಕು, ಹಳೆಯ ಕಾರ್ಡಿನ ಫೋಟೊ ಫೋನಿನಲ್ಲಿದ್ದರೆ ಸಾಲದು.

ಅಂಚೆಯಲ್ಲಿ ಕಾರ್ಡು ಬಂದ ದಿನವೇ ಹೆಸರು, ಜನ್ಮದಿನಾಂಕ, ವಿಳಾಸ, ಹೊಸ ಕೊನೆಯ ದಿನಾಂಕ ಮತ್ತು ಮುಖ್ಯವಾಗಿ ವಾಹನದ ವರ್ಗಗಳನ್ನು ಹಳೆಯ ಪ್ರತಿಯೊಂದಿಗೆ ಹೋಲಿಸಿ. ಗೇರ್ ಇರುವ ದ್ವಿಚಕ್ರ ವಾಹನ ಮತ್ತು ಲಘು ಮೋಟಾರು ವಾಹನ ಎರಡೂ ಇದ್ದವರಿಗೆ ಒಂದು ವರ್ಗ ಬಿಟ್ಟುಹೋಗಿದ್ದರೆ, ಆ ವಾಹನವನ್ನು ಓಡಿಸುವ ಹಕ್ಕೇ ದಾಖಲೆಯಲ್ಲಿ ಇಲ್ಲವಾಗುತ್ತದೆ. ತಪ್ಪು ಕಂಡರೆ ಅರ್ಜಿ ಸಂಖ್ಯೆ ಮತ್ತು ಹಳೆಯ ಪರವಾನಗಿಯ ಪ್ರತಿಯೊಂದಿಗೆ ಕಚೇರಿಗೆ ಲಿಖಿತವಾಗಿ ತಿಳಿಸಿ, ಸ್ವೀಕೃತಿ ಪಡೆಯಿರಿ. ಬಾಡಿಗೆ ಮನೆಯಲ್ಲಿದ್ದು ಹಗಲೆಲ್ಲ ಬಾಗಿಲು ಹಾಕಿರುವವರು ಅಂಚೆಯ ಸಂದೇಶದ ಮೇಲೆ ಕಣ್ಣಿಟ್ಟಿರಬೇಕು, ಏಕೆಂದರೆ ವಿಳಾಸದಲ್ಲಿ ಯಾರೂ ಸಿಗದಿದ್ದರೆ ಲಕೋಟೆ ಕಳಿಸಿದವರಿಗೇ ಹಿಂದಿರುಗುತ್ತದೆ. ಆಗ ಗುರುತಿನ ಚೀಟಿ ಮತ್ತು ರಸೀದಿ ಹಿಡಿದು ನಿಮ್ಮ ಆರ್‌ಟಿಒ ಕಚೇರಿಯಲ್ಲಿ ವಿಚಾರಿಸಬೇಕಾಗುತ್ತದೆ.